ಸ್ಟೀಫನ್ ಕಿಂಗ್

ಸ್ಟೀಫನ್ ಎಡ್ವಿನ್ ಕಿಂಗ್ (ಜನನ: ಸೆಪ್ಟೆಂಬರ್ ೨೧, ೧೯೪೭) ಅಮೆರಿಕದ ಕಾದಂಬರಿಕಾರರು ಮತ್ತು ಸಣ್ಣಕತೆಗಾರರು. ಭಯಾನಕ ಕಾದಂಬರಿಗಳಿಂದ ಜಗತ್ಪ್ರಸಿದ್ಧರಾದ ಇವರು ವೈಜ್ಞಾನಿಕ ಕಥನ, ಅದ್ಭುತ ಕಥನ, ಪತ್ತೇದಾರಿ ಕಥನ ಮತ್ತು ಸಾಹಿತ್ಯ ಚಿಂತನೆಗಳಲ್ಲಿಯೂ ಬರೆದಿದ್ದಾರೆ. ತಮ್ಮ ಮುನ್ನುಡಿಗಳಲ್ಲಿ ಓದುಗನನ್ನು 'ನಿರಂತರ ಓದುಗ' ಎಂದು ಸಂಬೋಧಿಸುವುದು ಇವರ ರೂಢಿ. ಬರೆಯುವವನಿಗೂ ಓದುವವನಿಗೂ ಇರುವ ನಂಟು ಇವರ ಹಲವು ಕೃತಿಗಳ ವಸ್ತುವೂ ಆಗಿದೆ.

ಬಾಲ್ಯ ಮತ್ತು ಶಿಕ್ಷಣ

ಕಿಂಗ್ ಹುಟ್ಟಿದ್ದು ಮೇಯ್ನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ. ಇವರು ಎರಡು ವರ್ಷದವರಿದ್ದಾಗ ತಂದೆ ಮನೆಬಿಟ್ಟು ಹೋದರು. ತಾಯಿ ರೂತ್ ಸಣ್ಣಪುಟ್ಟ ಕೆಲಸಗಳನ್ನು ಮಾಡಿ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು. ತಂದೆ ಬಿಟ್ಟುಹೋಗಿದ್ದ ಪುಸ್ತಕಗಳ ಪೆಟ್ಟಿಗೆಯೊಂದು ಸಂಬಂಧಿಕರ ಮನೆಯ ಅಟ್ಟದಲ್ಲಿ ಬಾಲಕ ಸ್ಟೀಫನ್‌ಗೆ ಸಿಕ್ಕಿತು. ಅದರಲ್ಲಿದ್ದ ಎಚ್. ಪಿ. ಲವ್‌ಕ್ರಾಫ್ಟ್‌ನ ಕಥಾಸಂಕಲನವು ಭಯಾನಕ ಸಾಹಿತ್ಯದತ್ತ ಅವರ ಒಲವನ್ನು ಗಟ್ಟಿಗೊಳಿಸಿತು. ಮೇಯ್ನ್ ವಿಶ್ವವಿದ್ಯಾಲಯದಿಂದ ೧೯೭೦ರಲ್ಲಿ ಇಂಗ್ಲಿಷ್ ವಿಷಯದಲ್ಲಿ ಬಿ.ಎ. ಪದವಿ ಪಡೆದರು. ೧೯೭೧ರಲ್ಲಿ ಲೇಖಕಿ ಟಬಿತಾ ಸ್ಪ್ರೂಸ್ ಅವರನ್ನು ವಿವಾಹವಾಗಿ, ಹ್ಯಾಂಪ್ಡನ್ ಎಂಬ ಊರಿನ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಸಾಹಿತ್ಯ ಜೀವನ

ಮೊದಲ ಪ್ರಕಟಿತ ಕಾದಂಬರಿ 'ಕ್ಯಾರಿ' (೧೯೭೪). ಸಹಪಾಠಿಗಳ ಹೀಯಾಳಿಕೆಗೂ ತಾಯಿಯ ಮತಾಂಧತೆಗೂ ಸಿಕ್ಕಿ ನಲುಗಿದ ಹುಡುಗಿಯ ಕತೆಯಿದು. ಮೊದಲ ಕೆಲವು ಪುಟಗಳನ್ನು ಕಿಂಗ್ ಕಸದ ಬುಟ್ಟಿಗೆ ಎಸೆದಿದ್ದರು. ಪತ್ನಿ ಅವನ್ನು ಎತ್ತಿಕೊಂಡು ಓದಿ ಮುಂದುವರಿಸುವಂತೆ ಒತ್ತಾಯಿಸಿದರು. ಮುಂಗಡವಾಗಿ ದೊರೆತದ್ದು ೨,೫೦೦ ಡಾಲರ್. ಆದರೆ ಅಗ್ಗದ ಆವೃತ್ತಿಯ ಹಕ್ಕು ೪ ಲಕ್ಷ ಡಾಲರಿಗೆ ಮಾರಾಟವಾಗಿ, ಅದರ ಅರ್ಧಪಾಲು ಲೇಖಕರಿಗೆ ಬಂದಿತು. ಅಲ್ಲಿಂದ ಅಧ್ಯಾಪನ ಬಿಟ್ಟು ಪೂರ್ಣಾವಧಿ ಲೇಖಕರಾದರು. ಪುಸ್ತಕ ಹೊರಬರುವ ಕೆಲವೇ ತಿಂಗಳ ಮೊದಲು ತಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು.

'ಸೇಲಮ್ಸ್ ಲಾಟ್' (೧೯೭೫), 'ದಿ ಶೈನಿಂಗ್' (೧೯೭೭), 'ದಿ ಸ್ಟ್ಯಾಂಡ್' (೧೯೭೮), 'ಪೆಟ್ ಸೆಮೆಟರಿ' (೧೯೮೩), 'ಇಟ್' (೧೯೮೬), 'ಮಿಸರಿ' (೧೯೮೭) ಮತ್ತು '೧೧/೨೨/೬೩' (೨೦೧೧) ಇವರ ಮುಖ್ಯ ಕಾದಂಬರಿಗಳು. 'ದಿ ಗ್ರೀನ್ ಮೈಲ್' ೧೯೯೬ರಲ್ಲಿ ಆರು ಕಿರುಪುಸ್ತಕಗಳಾಗಿ ತಿಂಗಳಿಗೊಂದರಂತೆ ಪ್ರಕಟವಾಯಿತು. ೧೯೯೯ರ ಜೂನ್ ೧೯ರಂದು ರಸ್ತೆಬದಿಯಲ್ಲಿ ನಡೆಯುತ್ತಿದ್ದಾಗ ವ್ಯಾನೊಂದು ಡಿಕ್ಕಿ ಹೊಡೆದು ಕಿಂಗ್ ತೀವ್ರವಾಗಿ ಗಾಯಗೊಂಡರು. ಆ ಅಪಘಾತ ಮತ್ತು ಚೇತರಿಕೆಯ ವಿವರ 'ಆನ್ ರೈಟಿಂಗ್' (೨೦೦೦) ಕೃತಿಯಲ್ಲಿದೆ.

ಭಯದ ಸ್ವರೂಪ

'ಡಾನ್ಸ್ ಮಕಾಬ್ರ್' (೧೯೮೧) ಎಂಬ ವಿಮರ್ಶಾ ಗ್ರಂಥದಲ್ಲಿ ಕಿಂಗ್ ಭಯಾನಕ ಸಾಹಿತ್ಯದ ಪರಿಣಾಮವನ್ನು ಮೂರು ಹಂತಗಳಲ್ಲಿ ವಿವರಿಸುತ್ತಾರೆ. ಕಾಣದಿರುವುದರ ಕಲ್ಪನೆಯಿಂದ ಹುಟ್ಟುವ ಭೀತಿಯು ಅತ್ಯುತ್ತಮ, ಎದುರಿಗೆ ಕಂಡ ವಿಕಾರದಿಂದ ಹುಟ್ಟುವ ದಿಗಿಲು ಎರಡನೆಯದು, ಹೇಸಿಗೆಯು ಕೊನೆಯದು. ಭಾರತೀಯ ಕಾವ್ಯಮೀಮಾಂಸೆಯು ಭಯವನ್ನು ಸ್ಥಾಯಿಭಾವವಾಗುಳ್ಳ ಭಯಾನಕ ರಸವನ್ನೂ ಜುಗುಪ್ಸೆಯನ್ನು ಸ್ಥಾಯಿಭಾವವಾಗುಳ್ಳ ಬೀಭತ್ಸ ರಸವನ್ನೂ ಬೇರ್ಪಡಿಸಿರುವುದನ್ನು ಬಲ್ಲವರಿಗೆ ಈ ವಿಂಗಡಣೆ ಅಪರಿಚಿತವೆನಿಸದು.

ಇವರ ಕಾದಂಬರಿಗಳಲ್ಲಿ ಭೂತಪಿಶಾಚಿಗಳಿಗಿಂತ ಮೊದಲು ಕಾಣಿಸಿಕೊಳ್ಳುವುದು ದಿನನಿತ್ಯದ ಬದುಕು: ಸಣ್ಣ ಊರು, ಸಾಲ, ಕುಡಿತ, ಮುರಿದ ದಾಂಪತ್ಯ, ಮಗುವಿನ ಸಾವು. ಓದುಗನು ಪಾತ್ರವನ್ನು ನೆಚ್ಚಿಕೊಂಡ ಮೇಲೆಯೇ ಅಪಾಯ ಎದುರಾಗುತ್ತದೆ. ಆದ್ದರಿಂದ ಭಯವು ಆ ಪಾತ್ರದ ಬಗೆಗಿನ ಕಾಳಜಿಯಿಂದ ಹುಟ್ಟುತ್ತದೆ. 'ದಿ ಶೈನಿಂಗ್'ನ ಕುಡುಕ ತಂದೆಯ ಪಾತ್ರವನ್ನು ಬರೆಯುವಾಗ, ಅರಿವಿಲ್ಲದೆಯೇ ತಮ್ಮನ್ನೇ ಚಿತ್ರಿಸುತ್ತಿದ್ದುದಾಗಿ ಕಿಂಗ್ ಮುಂದೆ ಹೇಳಿಕೊಂಡರು. ೧೯೮೦ರ ದಶಕದ ಕೊನೆಯಲ್ಲಿ, ಮನೆಯವರ ಮಧ್ಯಪ್ರವೇಶದ ನಂತರ, ಅವರು ಮದ್ಯ ಮತ್ತು ಮಾದಕ ವಸ್ತುಗಳನ್ನು ತೊರೆದರು.

ಲೇಖಕ ಮತ್ತು ಓದುಗ

'ಮಿಸರಿ' ಕಾದಂಬರಿಯು ಓದುಗರ ಪ್ರೀತಿಯ ಕರಾಳ ಮುಖವನ್ನು ತೋರಿಸುತ್ತದೆ. ಅಪಘಾತದಲ್ಲಿ ಕಾಲು ಮುರಿದುಕೊಂಡ ಕಾದಂಬರಿಕಾರನನ್ನು ಅಭಿಮಾನಿ ದಾದಿಯೊಬ್ಬಳು ತನ್ನ ಮನೆಯಲ್ಲಿ ಕೂಡಿಹಾಕಿ, ಆತ ಸಾಯಿಸಿದ ನಾಯಕಿಯನ್ನು ಬದುಕಿಸುವ ಹೊಸ ಕಾದಂಬರಿ ಬರೆಯುವಂತೆ ಹಿಂಸಿಸುತ್ತಾಳೆ. ಸೆರೆಯಲ್ಲಿ ಬರೆದ ಆ ಕಾದಂಬರಿಯೇ ಅವನನ್ನು ಬದುಕಿಸಿಡುತ್ತದೆ ಎಂಬುದು ಕೃತಿಯ ವಿಪರ್ಯಾಸ.

ಈ ನಂಟಿನ ಇನ್ನೊಂದು ಮುಖವು 'ದಿ ಡಾರ್ಕ್ ಟವರ್' ಕಥಾಮಾಲೆಯಲ್ಲಿ ಕಂಡುಬರುತ್ತದೆ. ಮೊದಲ ಸಂಪುಟ ಪುಸ್ತಕರೂಪದಲ್ಲಿ ಬಂದದ್ದು ೧೯೮೨ರಲ್ಲಿ, ಏಳನೆಯದು ೨೦೦೪ರಲ್ಲಿ. ನಡುವಿನ ವರ್ಷಗಳಲ್ಲಿ ಕ್ಯಾನ್ಸರ್ ಪೀಡಿತ ವೃದ್ಧೆಯೊಬ್ಬರೂ ಮರಣದಂಡನೆಯನ್ನು ಎದುರುನೋಡುತ್ತಿದ್ದ ಕೈದಿಯೊಬ್ಬನೂ ಕತೆಯ ಅಂತ್ಯವನ್ನು ಮುಂಚಿತವಾಗಿ ತಿಳಿಸಬೇಕೆಂದು ಪತ್ರ ಬರೆದುದನ್ನು ಕಿಂಗ್ ಮುನ್ನುಡಿಯೊಂದರಲ್ಲಿ ನೆನೆದಿದ್ದಾರೆ. ಇಬ್ಬರಿಗೂ ತಿಳಿಸಲು ಅವರಿಗೆ ಸಾಧ್ಯವಾಗಲಿಲ್ಲ. ಅಂತ್ಯವೇನೆಂಬುದು ಆಗ ಅವರಿಗೇ ತಿಳಿದಿರಲಿಲ್ಲ.

'ರೇಜ್' ಕೃತಿಯ ಹಿಂತೆಗೆತ

ರಿಚರ್ಡ್ ಬಾಕ್‌ಮನ್ ಎಂಬ ಗುಪ್ತನಾಮದಲ್ಲಿ ೧೯೭೭ರಲ್ಲಿ ಪ್ರಕಟವಾದ 'ರೇಜ್' ಕಾದಂಬರಿಯಲ್ಲಿ ವಿದ್ಯಾರ್ಥಿಯೊಬ್ಬ ಬಂದೂಕು ಹಿಡಿದು ತರಗತಿಯನ್ನು ಒತ್ತೆಯಾಗಿ ಇರಿಸಿಕೊಳ್ಳುತ್ತಾನೆ. ಅಮೆರಿಕದ ಶಾಲೆಗಳಲ್ಲಿ ಇಂಥ ಕೃತ್ಯವೆಸಗಿದ ಕೆಲವು ಹುಡುಗರು ಈ ಪುಸ್ತಕವನ್ನು ಓದಿದ್ದರೆಂಬುದು ಬೆಳಕಿಗೆ ಬಂದಿತು. ೧೯೯೭ರಲ್ಲಿ ಕೆಂಟಕಿಯ ಶಾಲೆಯೊಂದರಲ್ಲಿ ಗುಂಡಿನ ದಾಳಿ ನಡೆದ ಬಳಿಕ ಕಿಂಗ್ ಅದರ ಮುದ್ರಣವನ್ನು ನಿಲ್ಲಿಸಿದರು. ಪುಸ್ತಕವೊಂದೇ ಯಾರನ್ನೂ ಕೊಲೆಗಾರನನ್ನಾಗಿ ಮಾಡದು, ಆದರೆ ಮೊದಲೇ ಕದಡಿದ ಮನಸ್ಸನ್ನು ಅದು ಕೆರಳಿಸಬಲ್ಲದು ಎಂಬುದು 'ಗನ್ಸ್' (೨೦೧೩) ಪ್ರಬಂಧದಲ್ಲಿ ಅವರು ತಳೆದ ನಿಲುವು. ಯಾವ ಕಾನೂನಿನ ಒತ್ತಡವೂ ಇಲ್ಲದೆ ಲೇಖಕರೊಬ್ಬರು ತಮ್ಮ ಕೃತಿಯನ್ನು ತಾವೇ ಹಿಂತೆಗೆದುಕೊಂಡ ಈ ಪ್ರಸಂಗವು ಅಭಿವ್ಯಕ್ತಿ ಸ್ವಾತಂತ್ರ್ಯ ಮತ್ತು ಲೇಖಕನ ಹೊಣೆಗಾರಿಕೆಯನ್ನು ಕುರಿತ ಚರ್ಚೆಗೆ ಉತ್ತಮ ನಿದರ್ಶನ.

ವಿಮರ್ಶೆ ಮತ್ತು ಗೌರವ

ಜನಪ್ರಿಯತೆಯ ಕಾರಣದಿಂದಲೇ ಗಂಭೀರ ವಿಮರ್ಶಕರು ಬಹುಕಾಲ ಕಿಂಗ್ ಅವರನ್ನು ದೂರವಿರಿಸಿದ್ದರು. ೨೦೦೩ರಲ್ಲಿ ನ್ಯಾಷನಲ್ ಬುಕ್ ಫೌಂಡೇಶನ್ ಅಮೆರಿಕದ ಸಾಹಿತ್ಯಕ್ಕೆ ಸಲ್ಲಿಸಿದ ವಿಶಿಷ್ಟ ಕೊಡುಗೆಗಾಗಿ ಪದಕ ನೀಡಿದಾಗ, ವಿಮರ್ಶಕ ಹೆರಾಲ್ಡ್ ಬ್ಲೂಮ್ ತೀವ್ರವಾಗಿ ಆಕ್ಷೇಪಿಸಿದರು. ಜನಪ್ರಿಯ ಮತ್ತು ಗಂಭೀರ ಸಾಹಿತ್ಯಗಳ ನಡುವೆ ಸೇತುವೆ ಬೇಕೆಂಬುದು ಪದಕ ಸ್ವೀಕರಿಸಿದ ಕಿಂಗ್ ಅವರ ವಾದವಾಗಿತ್ತು. ಅತಿವಿಸ್ತಾರ ಮತ್ತು ಸಡಿಲವಾದ ಮುಕ್ತಾಯಗಳು ಇವರ ಕೃತಿಗಳ ದೋಷವೆಂದು ಅಭಿಮಾನಿಗಳೂ ಹೇಳುವುದುಂಟು.

ಓದಿನ ಕ್ರಮ

ಬಹುತೇಕ ಕಾದಂಬರಿಗಳು ಸ್ವತಂತ್ರವಾಗಿದ್ದು ಯಾವುದನ್ನಾದರೂ ಮೊದಲು ಓದಬಹುದು. ಕ್ಯಾಸಲ್ ರಾಕ್, ಡೆರ್ರಿ ಮುಂತಾದ ಕಾಲ್ಪನಿಕ ಊರುಗಳೂ ಕೆಲವು ಪಾತ್ರಗಳೂ ಬೇರೆಬೇರೆ ಕೃತಿಗಳಲ್ಲಿ ಮತ್ತೆ ಬರುತ್ತವೆ. 'ಸೇಲಮ್ಸ್ ಲಾಟ್'ನ ಪಾದ್ರಿ ಕ್ಯಾಲಹನ್ 'ದಿ ಡಾರ್ಕ್ ಟವರ್'ನ ಐದನೆಯ ಸಂಪುಟದಲ್ಲಿ ಮರಳಿ ಬರುವುದರಿಂದ ಅವೆರಡನ್ನು ಅದೇ ಕ್ರಮದಲ್ಲಿ ಓದುವುದು ಒಳ್ಳೆಯದು. 'ದಿ ಸ್ಟ್ಯಾಂಡ್' ಕಾದಂಬರಿಗೆ ೧೯೭೮ರ ಸಂಕ್ಷಿಪ್ತ ಪಾಠವೂ ೧೯೯೦ರ ವಿಸ್ತೃತ ಪಾಠವೂ ಇವೆ. ದೆವ್ವದ ಕತೆಗಳು ರುಚಿಸದವರು 'ಡಿಫರೆಂಟ್ ಸೀಸನ್ಸ್' (೧೯೮೨) ಸಂಪುಟದಿಂದ ಆರಂಭಿಸಬಹುದು. 'ದಿ ಶಾಶಾಂಕ್ ರಿಡೆಂಪ್ಶನ್' (೧೯೯೪) ಚಲನಚಿತ್ರಕ್ಕೆ ಮೂಲವಾದ ನೀಳ್ಗತೆ ಅದರಲ್ಲಿದೆ. ಬರೆಯುವ ಹಂಬಲವುಳ್ಳ ವಿದ್ಯಾರ್ಥಿಗಳಿಗೆ 'ಆನ್ ರೈಟಿಂಗ್' ಉಪಯುಕ್ತ. ತಾವು ನಿಧಾನವಾಗಿ ಓದುವವರಾದರೂ ವರ್ಷಕ್ಕೆ ಎಪ್ಪತ್ತು-ಎಂಬತ್ತು ಪುಸ್ತಕಗಳನ್ನು ಓದುವುದಾಗಿ ಅದರಲ್ಲಿ ತಿಳಿಸಿರುವ ಕಿಂಗ್, ಓದಲು ಸಮಯವಿಲ್ಲದವನಿಗೆ ಬರೆಯುವ ಸಾಮಗ್ರಿಯೂ ಇರದು ಎಂದು ಎಚ್ಚರಿಸುತ್ತಾರೆ.