ಮೂರು ಬಾರಿ ಪೌರನಾದ ಯೋಧ

ಊರಿನಿಂದ ಅಪ್ಪ-ಅಮ್ಮ ಬಂದಾಗ ನ್ಯೂಯಾರ್ಕ್-ನ್ಯೂಜೆರ್ಸಿಯ ಕನ್ನಡಿಗರಾದ ನಾವು ಅವರನ್ನು ಮೊದಲು ಕರೆದೊಯ್ಯುವ ಸ್ಥಳಗಳಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆಯೂ ಒಂದು. ಜೆರ್ಸಿ ಸಿಟಿಯಲ್ಲಿ ದೋಣಿ ಹತ್ತಿ ದ್ವೀಪಕ್ಕೆ ಹೋಗುತ್ತೇವೆ, ಫೋಟೋ ತೆಗೆಸಿಕೊಂಡು ಮರಳುತ್ತೇವೆ. ನಮ್ಮಲ್ಲಿ ಬಹುಪಾಲು ಕುಟುಂಬಗಳು ಈ ದೇಶಕ್ಕೆ ಬರಲು ದಾರಿ ಮಾಡಿಕೊಟ್ಟ ಕಾನೂನಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು 1965ರ ಅಕ್ಟೋಬರ್ 3ರಂದು, ಅದೇ ಪ್ರತಿಮೆಯ ಬುಡದಲ್ಲಿ. ಅದಕ್ಕೂ ಅರ್ಧ ಶತಮಾನ ಮೊದಲು ಇಲ್ಲಿಗೆ ಬಂದು, ಮುಚ್ಚಿದ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದ ಒಬ್ಬ ಯೋಧರನ್ನು ಈ ಲೇಖನದಲ್ಲಿ ನೆನೆಯಬಯಸುತ್ತೇವೆ.

ಅವರು ಭಗತ್ ಸಿಂಗ್ ಥಿಂಡ್. 1892ರಲ್ಲಿ ಪಂಜಾಬಿನ ಅಮೃತಸರ ಜಿಲ್ಲೆಯಲ್ಲಿ ಜನಿಸಿ, 1913ರಲ್ಲಿ ಅಮೆರಿಕೆಗೆ ಬಂದ ಅವರು ಒರೆಗಾನ್ ರಾಜ್ಯದ ಮರ ಕೊಯ್ಯುವ ಮಿಲ್ಲುಗಳಲ್ಲಿ ದುಡಿದರು. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1918ರ ಜುಲೈ 22ರಂದು ಅಮೆರಿಕದ ಸೇನೆಯನ್ನು ಸೇರಿದರು. ಸಿಖ್ಖರ ಪೇಟವನ್ನು ಧರಿಸಿಯೇ ಸೇವೆ ಸಲ್ಲಿಸಿ, ನವೆಂಬರಿನಲ್ಲಿ ಹಂಗಾಮಿ ಸಾರ್ಜೆಂಟ್ ಆದರು. ಡಿಸೆಂಬರ್ 16ರಂದು ಸೇನೆ ಅವರನ್ನು ಗೌರವಪೂರ್ವಕವಾಗಿ ಬೀಳ್ಕೊಟ್ಟಿತು.

ಅದಕ್ಕೆ ಒಂದು ವಾರ ಮೊದಲು, ಡಿಸೆಂಬರ್ 9ರಂದು, ಸಮವಸ್ತ್ರದಲ್ಲಿಯೇ ಅವರು ಪೌರತ್ವ ಪಡೆದಿದ್ದರು. ನಾಲ್ಕೇ ದಿನಗಳಲ್ಲಿ ಅದನ್ನು ಕಿತ್ತುಕೊಳ್ಳಲಾಯಿತು. ಅಂದಿನ ಕಾನೂನಿನಂತೆ ಹೊರಗಿನಿಂದ ಬಂದವರಲ್ಲಿ ಬಿಳಿಯರು ಮತ್ತು ಆಫ್ರಿಕನ್ ಮೂಲದವರು ಮಾತ್ರ ಪೌರರಾಗಬಹುದಿತ್ತು. ಥಿಂಡ್ ಸುಮ್ಮನಾಗಲಿಲ್ಲ. 1920ರಲ್ಲಿ ಒರೆಗಾನಿನ ನ್ಯಾಯಾಲಯ ಅವರಿಗೆ ಎರಡನೆಯ ಬಾರಿ ಪೌರತ್ವ ನೀಡಿತು. ಸರ್ಕಾರ ಇದನ್ನು ಪ್ರಶ್ನಿಸಿದಾಗ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಅಲ್ಲಿ ಅವರ ಪರವಾಗಿ ಮಂಡಿಸಿದ ವಾದವನ್ನು ಇಂದು ಓದಿದರೆ ನಮಗೆ ಮುಜುಗರವಾಗುತ್ತದೆ. ಚರ್ಮದ ಬಣ್ಣ ನೋಡಿ ಮನುಷ್ಯರನ್ನು ವಿಂಗಡಿಸುವುದೇ ತಪ್ಪು ಎಂದು ಆ ವಾದ ಹೇಳಲಿಲ್ಲ. ಥಿಂಡ್ ಮೇಲ್ಜಾತಿಯವರು, ಆರ್ಯ ಕುಲದವರು, ಆದ್ದರಿಂದ ಕಕೇಶಿಯನ್ನರು, ಅಂದರೆ ಬಿಳಿಯರು ಎಂದಿತು. ಗೋಡೆಯನ್ನು ಕೆಡವಿರೆಂದು ಕೇಳದೆ, ತಮ್ಮನ್ನು ಗೋಡೆಯ ಒಳಗೆ ಎಣಿಸಿರೆಂದು ಕೇಳಿದಂತಾಯಿತು.

ನ್ಯಾಯಾಲಯ ಅದಕ್ಕೂ ಒಪ್ಪಲಿಲ್ಲ. ಕೇವಲ ಮೂರು ತಿಂಗಳ ಹಿಂದೆ, ಜಪಾನಿನ ತಕಾವೊ ಒಜಾವ ಅವರ ಪ್ರಕರಣದಲ್ಲಿ, ಕಕೇಶಿಯನ್ನರಲ್ಲದವರು ಬಿಳಿಯರಲ್ಲವೆಂದು ಅದೇ ನ್ಯಾಯಾಲಯ ಹೇಳಿತ್ತು. ಈಗ, 1923ರ ಫೆಬ್ರವರಿ 19ರಂದು, ಕಕೇಶಿಯನ್ನರಾದರೂ ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಭಾರತೀಯರು ಬಿಳಿಯರಲ್ಲವೆಂದಿತು. ಎರಡೂ ತೀರ್ಪುಗಳನ್ನು ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್; ಅವರೂ ಇಂಗ್ಲೆಂಡಿನಲ್ಲಿ ಹುಟ್ಟಿ ಇಲ್ಲಿಗೆ ಬಂದವರೇ. ಥಿಂಡರ ಸೈನಿಕ ಸೇವೆ ಅವರನ್ನು ಕಾಪಾಡಲಿಲ್ಲ.

ಈ ತೀರ್ಪಿನ ಬಿಸಿ ಅವರೊಬ್ಬರಿಗೇ ತಟ್ಟಲಿಲ್ಲ. ಮೊದಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವ ರದ್ದಾಯಿತು. ಪೌರತ್ವಕ್ಕೆ ಅರ್ಹರಲ್ಲದವರು ಭೂಮಿ ಹೊಂದುವಂತಿರಲಿಲ್ಲ ಎಂಬ ಕ್ಯಾಲಿಫೋರ್ನಿಯಾದ ಕಾನೂನು ಪಂಜಾಬಿ ರೈತರನ್ನು ಕಾಡಿತು. ಸ್ಯಾನ್ ಫ್ರಾನ್ಸಿಸ್ಕೋದ ವರ್ತಕ ವೈಷ್ಣೋ ದಾಸ್ ಬಗಾಯ್ ತಮ್ಮ ಪೌರತ್ವವನ್ನು ಕಳೆದುಕೊಂಡು, 1928ರಲ್ಲಿ ನೊಂದು ಪ್ರಾಣ ಬಿಟ್ಟರು.

ಮುಂದೆ 1935ರಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಪರ ಸೇವೆ ಸಲ್ಲಿಸಿದ ಏಷ್ಯಾ ಮೂಲದವರಿಗೂ ಪೌರತ್ವ ನೀಡುವ ಕಾಯ್ದೆ ಬಂತು. ಮರುವರ್ಷ ಥಿಂಡ್ ನಮ್ಮ ಈ ನ್ಯೂಯಾರ್ಕಿನಲ್ಲಿಯೇ ಮೂರನೆಯ ಬಾರಿ ಪೌರರಾದರು. ಸೇನೆ ಸೇರಿ ಆಗಲೇ 18 ವರ್ಷಗಳು ಕಳೆದಿದ್ದವು. ದೇಶದ ಉದ್ದಗಲಕ್ಕೆ ಅಧ್ಯಾತ್ಮವನ್ನು ಕುರಿತು ಉಪನ್ಯಾಸ ನೀಡುತ್ತ ಬಾಳಿದ ಅವರು 1967ರಲ್ಲಿ ನಿಧನರಾದರು.

ಆದರೆ 1935ರ ಕಾಯ್ದೆ ತೆರೆದದ್ದು ಯೋಧರಿಗೆ ಮಾತ್ರ ಸಾಲುವಷ್ಟು ಕಿರಿದಾದ ಬಾಗಿಲು. ಉಳಿದ ಭಾರತೀಯರಿಗೂ ಅದು ತೆರೆಯಲು ಬೇರೆಯವರ ಶ್ರಮ ಬೇಕಾಯಿತು. ನ್ಯೂಯಾರ್ಕಿನ ವ್ಯಾಪಾರಿ ಜೆ. ಜೆ. ಸಿಂಗ್ ಅವರು ಇಂಡಿಯಾ ಲೀಗ್ ಆಫ್ ಅಮೆರಿಕದ ಮೂಲಕ ಹೋರಾಡಿದರು. ಥಿಂಡ್ ತೀರ್ಪು ಬಂದ ಎರಡೇ ವಾರಗಳಲ್ಲಿ ಕಾಂಗ್ರೆಸ್ ಸದಸ್ಯತ್ವ ಆರಂಭಿಸಿದ್ದ ಬ್ರೂಕ್ಲಿನ್ನಿನ ಇಮ್ಯಾನ್ಯುಯೆಲ್ ಸೆಲ್ಲರ್ ಅವರು ಕ್ಲೇರ್ ಬೂತ್ ಲೂಸ್ ಅವರೊಡನೆ ಮಂಡಿಸಿದ ಮಸೂದೆ 1946ರಲ್ಲಿ ಕಾನೂನಾಯಿತು. ಭಾರತೀಯರಿಗೆ ಪೌರತ್ವದ ಹಕ್ಕು ದೊರೆಯಿತು; ವರ್ಷಕ್ಕೆ 100 ಮಂದಿ ವಲಸೆ ಬರಬಹುದಾಯಿತು. 1965ರ ಕಾನೂನಿನಲ್ಲಿಯೂ ಸೆಲ್ಲರ್ ಅವರ ಹೆಸರಿದೆ. ಆಮೇಲೆ ಬಂದವರು ನಮ್ಮ ಹಿರಿಯರು: ವೈದ್ಯರು, ಎಂಜಿನಿಯರುಗಳು, ವಿದ್ಯಾರ್ಥಿಗಳು.

ಪೌರತ್ವದ ಪ್ರಮಾಣವಚನ ಸ್ವೀಕರಿಸುವಾಗ ಅದು ನಮ್ಮ ಓದಿಗೂ ದುಡಿಮೆಗೂ ಸಂದ ಫಲವೆಂದು ನಾವು ಭಾವಿಸುತ್ತೇವೆ. ಥಿಂಡರಲ್ಲಿಯೂ ಓದಿತ್ತು, ದುಡಿಮೆಯಿತ್ತು, ಮೇಲೆ ಯೋಧನ ಸೇವೆಯೂ ಇತ್ತು. ಅವರಿಗೆ ಇಲ್ಲದೆ ನಮಗೆ ಇದ್ದದ್ದು ನ್ಯಾಯವಾದ ಕಾನೂನು. ಅದನ್ನು ನಾವು ಗಳಿಸಿದ್ದಲ್ಲ, ಹಿಂದಿನವರು ಗಳಿಸಿ ಬಿಟ್ಟುಹೋದದ್ದು. ಮುಂದಿನ ಬಾರಿ ಆ ದ್ವೀಪಕ್ಕೆ ಹೋದಾಗ ನಮ್ಮ ಮಕ್ಕಳಿಗೆ ಈ ಯೋಧರ ಕಥೆಯನ್ನು ಹೇಳೋಣ. ಅವರ ವಾದದಲ್ಲಿದ್ದ ತಪ್ಪನ್ನೂ ಮುಚ್ಚಿಡದೆ ಹೇಳೋಣ. ಒಳಗೆ ಬಂದವರು ಬಾಗಿಲನ್ನು ಮುಚ್ಚಬಾರದೆಂಬುದು ಮಕ್ಕಳಿಗೆ ಅದರಿಂದಲೇ ತಿಳಿದೀತು.