ಮಡ್ಡಿಯ ಕಂದೀಲು ಹೂ: ಗುರುತು ಹಿಡಿಯುವ ವಿದ್ಯೆ ಬೆಳೆದ ಬಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದರೆ ಹೊರಗಿನವರಿಗೆ ನೆನಪಾಗುವುದು ಕಬ್ಬು, ತಂಬಾಕು, ಸಕ್ಕರೆ ಕಾರ್ಖಾನೆ. ಕೃಷ್ಣೆ, ದೂಧಗಂಗಾ, ವೇದಗಂಗಾ ದಂಡೆಯ ಹೊಲಗಳನ್ನು ಬಿಟ್ಟು ಮೇಲೆ ಹತ್ತಿದರೆ ಕಪ್ಪುಗಲ್ಲಿನ ಮಡ್ಡಿ, ಊರಿನ ಗಾಯರಾಣ, ಮಳೆಗಾಲದಲ್ಲಿ ಮೊಳಕಾಲೆತ್ತರ ನಿಲ್ಲುವ ಹುಲ್ಲು. ಸರ್ಕಾರಿ ಕಾಗದದಲ್ಲಿ ಇಂಥ ನೆಲಕ್ಕೆ ಬಹಳ ಸಲ ಸಿಗುವ ಹೆಸರು ಬಂಜರು. ದಖನ್ನಿನ ಅತ್ಯಂತ ವಿಶಿಷ್ಟ ಹೂಗಿಡಗಳಲ್ಲಿ ಒಂದಾದ ಸೆರೋಪೀಜಿಯವನ್ನು ಹುಡುಕಬೇಕಾದದ್ದು ಇಂಥ ನೆಲದಲ್ಲೇ. ಗಡಿಯಾಚೆ ಮರಾಠಿಯಲ್ಲಿ ಇದು ಕಂದೀಲ ಪುಷ್ಪ.

ಎಕ್ಕದ ಬಳಗಕ್ಕೆ ಸೇರಿದ ಈ ಗಿಡಗಳಲ್ಲಿ ಹೆಚ್ಚಿನವು ವರ್ಷದ ಬಹುಪಾಲು ಮಣ್ಣಿನೊಳಗೆ ಗಡ್ಡೆಯಾಗಿಯೇ ಇರುತ್ತವೆ. ಮುಂಗಾರು ಬಿದ್ದ ಮೇಲೆ ಚಿಗುರಿ, ಹೂಬಿಟ್ಟು, ಬೀಜ ಹಾರಿಸಿ, ಚಳಿಗಾಲದ ಹೊತ್ತಿಗೆ ಒಣಗಿಹೋಗುತ್ತವೆ. ಹೂವಿಲ್ಲದಾಗ ನೋಡಿದರೆ ಯಾವುದೋ ಬಳ್ಳಿ, ಅಷ್ಟೇ. ಹೂವಿನ ರಚನೆ ಮಾತ್ರ ಬೆರಗು ಹುಟ್ಟಿಸುವಂಥದ್ದು. ಬುಡ ಉಬ್ಬಿದ ಕೊಳವೆ, ಅದರ ಮೇಲೆ ಐದು ಎಸಳು. ಬಹಳ ಪ್ರಭೇದಗಳಲ್ಲಿ ಎಸಳುಗಳ ತುದಿ ಕೂಡಿಕೊಂಡು ಪಂಜರವಾಗುತ್ತದೆ. ವಾಸನೆಗೆ ಬಂದ ಸಣ್ಣ ನೊಣ ಒಳಗೆ ಜಾರುತ್ತದೆ. ಕೊಳವೆಯೊಳಗಿನ ಕೂದಲು ಕೆಳಮುಖವಾಗಿರುವುದರಿಂದ ಅದಕ್ಕೆ ಹತ್ತಿ ಬರಲಾಗದು. ಕೂದಲು ಬಾಡಿದ ಮೇಲೆ, ಪರಾಗದ ಗಂಟನ್ನು ಮೈಗಂಟಿಸಿಕೊಂಡು ಅದು ಹೊರಬೀಳುತ್ತದೆ.

ಗುರುತಿಸುವ ತೊಡಕು ಹುಟ್ಟುವುದೂ ಈ ಹೂವಿನಿಂದಲೇ. ಪ್ರಭೇದಗಳನ್ನು ಬೇರ್ಪಡಿಸುವ ನಿಜವಾದ ಲಕ್ಷಣ ಕೊಳವೆಯ ತಳದಲ್ಲಿ ಅಡಗಿದ ಕಿರೀಟದಂಥ ಭಾಗದಲ್ಲಿರುತ್ತದೆ. ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿದರೆ ಅದು ಅಪ್ಪಚ್ಚಿಯಾಗುತ್ತದೆ. ಹೂವನ್ನು ಸೀಳಿ, ಮದ್ಯಸಾರದಲ್ಲಿ ಇಟ್ಟು, ಮಸೂರದ ಕೆಳಗೆ ನೋಡಿದವರಿಗಷ್ಟೇ ಖಚಿತ ಉತ್ತರ. ಹಳಬರಲ್ಲಿ ಅನೇಕರಿಗೆ ಸಿಕ್ಕಿದ್ದು ಒಣಗಿದ ಹಾಳೆ ಮಾತ್ರ.

ಲಿನೇಯಸ್ 1753ರಲ್ಲಿ ಈ ಕುಲಕ್ಕೆ ಹೆಸರಿಟ್ಟ. ರಾಕ್ಸ್‌ಬರ್ಗ್ 1795ರಲ್ಲಿ ಕೋರಮಂಡಲ ಕರಾವಳಿಯ ಸಸ್ಯಗಳ ಗ್ರಂಥದಲ್ಲಿ ಸೆರೋಪೀಜಿಯ ಬಲ್ಬೋಸವನ್ನು ಚಿತ್ರಸಹಿತ ವರ್ಣಿಸಿದ. ಬಯಲುಸೀಮೆಯಲ್ಲಿ ಹೆಚ್ಚು ಹರಡಿರುವ ಪ್ರಭೇದ ಇದೇ. ಇದರ ಗಡ್ಡೆ ತಿನ್ನಲು ಬರುತ್ತದೆ. ಇದರ ಎಲೆ ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಹುಲ್ಲಿನಂತೆ ಸಪೂರ. ಸಪೂರ ಎಲೆಯದನ್ನು 1830ರ ದಶಕದಲ್ಲಿ ಲುಷಿಯೈ ಎಂಬ ಬೇರೆ ಪ್ರಭೇದವೆಂದೇ ವರ್ಣಿಸಿದ್ದರು. ಹೂಕರ್ 1883ರಲ್ಲಿ ಅದನ್ನು ಬಲ್ಬೋಸದ ಒಂದು ಬಗೆಯೆಂದು ಕೆಳಗಿಳಿಸಿದ. ಎಲೆಯನ್ನು ನಂಬಬಾರದೆಂಬ ಪಾಠ ಅಲ್ಲಿಂದಲೇ ಶುರುವಾಯಿತು ಎನ್ನಬಹುದು. ರೋಮಭರಿತ ಬಳ್ಳಿ ಹಿರ್ಸುಟ, ಎಲೆ ಹೆಚ್ಚುಕಡಿಮೆ ಇಲ್ಲದ ರಸಭರಿತ ಕಾಂಡದ ಜುನ್ಸಿಯ, ನೆಟ್ಟಗೆ ನಿಂತು ಉದ್ದ ಎಸಳಿನ ಹೂ ಬಿಡುವ ಅಟೆನ್ಯುಯೇಟ ಇವೆಲ್ಲ 19ನೇ ಶತಮಾನ ಮುಗಿಯುವ ಮೊದಲೇ ಪಟ್ಟಿ ಸೇರಿದವು.

ನಮ್ಮ ಭಾಗ ಆಗ ಮುಂಬಯಿ ಪ್ರಾಂತ. ಡಾಲ್ಜೆಲ್ ಮತ್ತು ಗಿಬ್ಸನ್ 1861ರಲ್ಲಿ ಮುಂಬಯಿ ಸಸ್ಯಗಳ ಗ್ರಂಥ ತಂದರು. ಬೆಳಗಾವಿಯ ಸುತ್ತ ರಿಚಿ ಸಂಗ್ರಹಿಸಿದ್ದ ಮಾದರಿಗಳು ಥಿಯೋಡೋರ್ ಕುಕ್ 1901ರಿಂದ 1908ರವರೆಗೆ ಪ್ರಕಟಿಸಿದ ಪ್ರಾಂತದ ಸಸ್ಯಸಂಪತ್ತಿನ ಗ್ರಂಥದಲ್ಲಿ ಮತ್ತೆ ಮತ್ತೆ ಬರುತ್ತವೆ. ಶತಮಾನ ದಾಟಿದರೂ ಕುಕ್‌ನ ಪುಸ್ತಕ ತೆರೆಯದೆ ಇಲ್ಲಿನ ಗಿಡಗಳ ಕೆಲಸ ಆಗುವುದಿಲ್ಲ. ಆಮೇಲೆ ಐಸಿಎಸ್ ಅಧಿಕಾರಿ ಸೆಜ್ವಿಕ್ ಉತ್ತರ ಕನ್ನಡದ ಗಿಡವೊಂದನ್ನು ಫೆಂಟಾಸ್ಟಿಕ ಎಂದು ಹೆಸರಿಸಿದ. ಅದು ಇಂದಿಗೂ ಅತಿ ವಿರಳ.

1957ರಲ್ಲಿ ಹೂಬರ್ ಜಗತ್ತಿನ ಸೆರೋಪೀಜಿಯಗಳನ್ನೆಲ್ಲ ಮರುಪರಿಶೀಲಿಸಿದ. ಭಾರತದ ಮಟ್ಟಿಗೆ ದೊಡ್ಡ ಹೆಜ್ಜೆ 1984ರದು. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಎಂ.ವೈ. ಅನ್ಸಾರಿ 40ಕ್ಕೂ ಹೆಚ್ಚು ಪ್ರಭೇದಗಳಿಗೆ ಕೀಲಿಪಟ್ಟಿ ಒದಗಿಸಿದರು. ಗಿಡ ನೆಟ್ಟಗಿದೆಯೋ ಸುತ್ತುತ್ತದೆಯೋ, ಬುಡದಲ್ಲಿ ಗಡ್ಡೆಯೋ ಬೇರಿನ ಗೊಂಚಲೋ, ಎಸಳಿನ ತುದಿ ಕೂಡಿದೆಯೋ ಬಿಚ್ಚಿದೆಯೋ, ಕಿರೀಟದ ಆಕಾರ ಹೇಗೆ ಎಂದು ಒಂದೊಂದಾಗಿ ಕೇಳಿಕೊಂಡು ಹೋಗುವ ದಾರಿ ಇದರಿಂದ ಹದವಾಯಿತು. ವರ್ಣತಂತುಗಳ ಎಣಿಕೆ ಮಾತ್ರ ಹೆಚ್ಚು ನೆರವಾಗಲಿಲ್ಲ, ಬಹುತೇಕ ಎಲ್ಲಕ್ಕೂ 22.

ನಿಪ್ಪಾಣಿಗೆ ಬೆಳಗಾವಿಗಿಂತ ಕೊಲ್ಹಾಪುರವೇ ಹತ್ತಿರ. ಅಲ್ಲಿನ ಶಿವಾಜಿ ವಿಶ್ವವಿದ್ಯಾಲಯದ ಎಸ್.ಆರ್. ಯಾದವ್ ಮತ್ತು ಅವರ ಶಿಷ್ಯರು ಈ ಗಿಡಗಳನ್ನು ಬೆಟ್ಟದಲ್ಲಿ ನೋಡಿ, ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಬೆಳೆಸಿದರು. ಫೆಂಟಾಸ್ಟಿಕವನ್ನು ಹೆಚ್ಚಿಸಿ ಮತ್ತೆ ನೆಲಕ್ಕೆ ಕೂಡಿಸುವ ಪ್ರಯತ್ನವನ್ನೂ ಮಾಡಿದರು. ಒಂದೇ ಮಡಿಯಲ್ಲಿ ಹತ್ತಾರು ಪ್ರಭೇದ ಜೀವಂತ ಹೂಬಿಟ್ಟಾಗ ಕಾಣುವ ವ್ಯತ್ಯಾಸ ಒಣ ಹಾಳೆಯಲ್ಲಿ ಕಾಣದು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಮುಖ್ಯ ಕೆಲಸ ಇದೇ.

ಡಿಎನ್ಎ ಬಂದ ಮೇಲೆ ಮನೆತನದ ಲೆಕ್ಕವೇ ಬದಲಾಯಿತು. ಅದೇ ಹುಲ್ಲಿನಲ್ಲಿ ಬೆಳೆಯುವ, ಕೊಳವೆಯಿಲ್ಲದ ಪುಟ್ಟ ಹೂವಿನ ಬ್ರಾಕಿಸ್ಟೆಲ್ಮ, ಒಣ ಬೇಲಿಯಡಿಯ ಕಳ್ಳಿಯಂಥ ಕ್ಯಾರಲ್ಲುಮ ಇವು ಸೆರೋಪೀಜಿಯದ ಒಳಗಿನ ಕೊಂಬೆಗಳೇ ಎಂದು ತೋರಿತು. 2017ರಲ್ಲಿ ಬ್ರೌನ್ಸ್ ಮತ್ತು ಸಂಗಡಿಗರು ಇವೆಲ್ಲವನ್ನೂ ಒಂದೇ ಕುಲಕ್ಕೆ ಸೇರಿಸಿದರು. ಎಲ್ಲರೂ ಇದನ್ನು ಒಪ್ಪಿಲ್ಲ. ಕುಲದ ಹೆಸರು ಏನೇ ಆಗಲಿ, ಮಡ್ಡಿಯಲ್ಲಿ ನಿಂತವನಿಗೆ ಹೂವಿನ ಕೊಳವೆಯೇ ಮೊದಲ ಗುರುತು.

ಕರ್ನಾಟಕದ ಕಡೆ ಒಂದು ಕೊರತೆ ಉಳಿದಿದೆ. ಸಿಸಿಲ್ ಸಲ್ಡಾನಾ ಅವರ ಕರ್ನಾಟಕ ಸಸ್ಯಸಂಪತ್ತಿನ ಎರಡು ಸಂಪುಟಗಳು 1984 ಮತ್ತು 1996ರಲ್ಲಿ ಬಂದವು. ಎರಡನೆಯದು ಕೊತ್ತಂಬರಿ, ಜೀರಿಗೆಯ ಕುಟುಂಬಕ್ಕೆ ಮುಗಿಯುತ್ತದೆ. ಎಕ್ಕದ ಕುಟುಂಬದ ಸರದಿ ಅದರ ಆಚೆಗಿತ್ತು. ಸಂಶೋಧಕರ ಕಣ್ಣು ಘಟ್ಟದ ಕಡೆ ಹೋದಷ್ಟು ಅಥಣಿ, ರಾಯಬಾಗದ ಒಣ ಮಡ್ಡಿಗಳ ಕಡೆ ತಿರುಗಲೂ ಇಲ್ಲ. ಅಷ್ಟರಲ್ಲಿ ಏತ ನೀರಾವರಿಯ ಕಬ್ಬು, ಕಲ್ಲು ಗಣಿ, ಹುಲ್ಲುನೆಲದಲ್ಲಿ ನೆಡುವ ಅಕೇಶಿಯಾ ಈ ನೆಲವನ್ನು ತಿನ್ನುತ್ತಿವೆ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯೂ ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಮಡ್ಡಿಯ ಹುಲ್ಲುಗಿಡಗಳಿಗೂ ಅದರಲ್ಲಿ ಪುಟ ಇರಲಿ. ದನ, ಕುರಿ ಕಾಯುವವರನ್ನು ಮೊದಲು ಕೇಳಿ. ಗಿಡ ಸಿಕ್ಕರೆ ಹೂವನ್ನು ಮೇಲಿನಿಂದ, ಪಕ್ಕದಿಂದ, ಎಲೆ ಕಾಂಡಗಳ ಸಮೇತ ಚಿತ್ರ ತೆಗೆದು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರಿಗೆ ತೋರಿಸಿ. ಗಡ್ಡೆಯನ್ನು ಮಾತ್ರ ಕೀಳಬೇಡಿ, ಸಿಕ್ಕ ಜಾಗವನ್ನು ಊರೆಲ್ಲ ಸಾರಬೇಡಿ.