ನಜರ್‌ಬಾದಿನ ಕಲ್ಲುಗಳೂ ಮೈಸೂರಿನ ಬೊಕ್ಕಸವೂ

ಮೈಸೂರಿನ ಕೋಟೆಗೆ ಮೂಡಲಲ್ಲಿ ನಜರ್‌ಬಾದೆಂಬ ಮೊಹಲ್ಲವಿರುವುದು ವಾಚಕರಲ್ಲಿ ಬಹುಮಂದಿಗೆ ತಿಳಿದ ಸಂಗತಿಯೇ. ಅದು ಮೊದಲು ಒಂದು ಕೋಟೆಯ ಹೆಸರಾಗಿದ್ದಿತೆಂಬುದು ಮಾತ್ರ ಅನೇಕರಿಗೆ ಮರೆತಿದೆ. ಸುಮಾರು 1787ನೆಯ ಇಸವಿಯಲ್ಲಿ ಟೀಪೂ ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳಿಂದ ಇಲ್ಲಿ ಹೊಸ ಕೋಟೆಯೊಂದನ್ನು ಎಬ್ಬಿಸಲಾರಂಭಿಸಿದನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವೇ ಕಲ್ಲುಗಳು ಹಿಂದಿರುಗಿ, ಹಳೆಯ ಕೋಟೆಯು ಮರಳಿ ಎದ್ದಿತು. ಕಲ್ಲು ಹೋಯಿತು, ಕಲ್ಲು ಬಂದಿತು, ಲೆಕ್ಕವು ಸರಿಹೋಯಿತು. ಆದರೆ ಎರಡು ಸಲವೂ ಅದನ್ನು ಹೊತ್ತ ಭುಜಗಳ ನೋವು ಯಾವ ಲೆಕ್ಕಕ್ಕೆ ಸೇರಿತು? ಸಂಸ್ಥಾನದ ಆಯವ್ಯಯದ ಚರಿತ್ರೆಯನ್ನು ಓದುವಾಗಲೆಲ್ಲ ಈ ಪ್ರಶ್ನೆಯೇ ಮುಂದೆ ನಿಲ್ಲುತ್ತದೆ.

1799ರ ಒಡಂಬಡಿಕೆಯಂತೆ ಮೈಸೂರು ಸಂಸ್ಥಾನವು ಇಂಗ್ಲಿಷ್ ಕಂಪೆನಿಗೆ ವರ್ಷಕ್ಕೆ 7 ಲಕ್ಷ ವರಹಗಳ, ಅಂದರೆ ಸುಮಾರು 24½ ಲಕ್ಷ ರೂಪಾಯಿಗಳ, ಪೊಗದಿಯನ್ನು ಸಲ್ಲಿಸಬೇಕಾಯಿತು. ಮಳೆ ಬರಲಿ ಬಾರದಿರಲಿ, ಈ ಹಣವು ತಪ್ಪುವಂತಿರಲಿಲ್ಲ. ವ್ಯಯವು ನಿಶ್ಚಿತ, ಆಯವು ಮುಗಿಲಿನ ಕೈಯಲ್ಲಿ. ಮುಂದಿನ ನೂರು ವರ್ಷಗಳ ತೊಡಕಿಗೆಲ್ಲ ಬಹುಮಟ್ಟಿಗೆ ಇದೇ ಮೂಲವೆನ್ನಬಹುದು. ದಿವಾನ್ ಪೂರ್ಣಯ್ಯನವರು 1811ರವರೆಗೆ ಆಡಳಿತವನ್ನು ನಡೆಸಿ, ಪೊಗದಿಯನ್ನು ಸಲ್ಲಿಸಿಯೂ ಎರಡು ಕೋಟಿಗೆ ಮೇಲ್ಪಟ್ಟು ರೂಪಾಯಿಗಳನ್ನು ಬೊಕ್ಕಸದಲ್ಲಿ ಉಳಿಸಿದರೆಂದು ಪ್ರಸಿದ್ಧಿಯಿದೆ. ಅವರ ದಕ್ಷತೆಯನ್ನು ಮೆಚ್ಚದವರಿಲ್ಲ. ಆದರೂ ಬೊಕ್ಕಸದಲ್ಲಿ ಉಳಿದ ಹಣವೆಲ್ಲವೂ ರೈತನ ಕಣಜದಿಂದ ಬಂದುದೆಂಬುದನ್ನು ಮರೆಯಲಾಗದು.

ಆಮೇಲೆ ಶರತ್ತಿನ ಪದ್ಧತಿಯು ಬೆಳೆಯಿತು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ತಂದುಕೊಡುತ್ತೇನೆಂದು ಕರಾರು ಮಾಡುವನು. ಕಡಮೆಯಾದರೆ ತಾನೇ ತುಂಬಬೇಕು. ಹುಜೂರಿನ ಕಾಗದದಲ್ಲಿ ಆಯವು ಮೊದಲೇ ನಿರ್ಧಾರವಾಗುವುದರಿಂದ ಇದು ಬಹಳ ಸೊಗಸಾಗಿ ಕಂಡಿರಬೇಕು. ತುಂಬಬೇಕಾದ ಅಮಲ್ದಾರನು ಅದನ್ನು ಯಾರಿಂದ ಹಿಂಡುವನೆಂಬುದನ್ನು ಹೇಳಬೇಕಾದುದಿಲ್ಲ. 1830ರಲ್ಲಿ ನಗರದ ಸೀಮೆಯ ರೈತರು ದಂಗೆಯೆದ್ದರು. 1831ರಲ್ಲಿ ಆಡಳಿತವೇ ಇಂಗ್ಲಿಷರ ಕೈಗೆ ಹೋಯಿತು.

1834ರಿಂದ 1861ರವರೆಗೆ ಕಮಿಷನರಾಗಿದ್ದ ಕಬ್ಬನ್ ಸಾಹೇಬರ ಕಾಲದಲ್ಲಿ ತೆಗೆದುಹಾಕಲ್ಪಟ್ಟ ಸಣ್ಣ ತೆರಿಗೆಗಳ ಸಂಖ್ಯೆ 769. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ! ಒಂದು ಗ್ರಾಮದವರಂತೂ, ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತೆರುತ್ತಿದ್ದರಂತೆ. ಇಷ್ಟನ್ನೆಲ್ಲ ಬಿಟ್ಟರೂ ಸಂಸ್ಥಾನವು ದಿವಾಳಿಯಾಗಲಿಲ್ಲ. ಪ್ರಜೆಯ ಹೊರೆಯಿಳಿದರೆ ಬೊಕ್ಕಸವು ಬರಿದಾಗಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದೇ ನಿದರ್ಶನ.

ಆದರೆ ಮುಗಿಲು ಮುನಿದಾಗ ಈ ಜಾಣತನವೂ ಸಾಲದಾಯಿತು. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವನ್ನು (1876-78) ನಮ್ಮ ಹಿರಿಯರು ಹೆಸರಿಸುವಾಗಲೇ ಸ್ವರವನ್ನು ತಗ್ಗಿಸುತ್ತಿದ್ದರು. 1871ರ ಖಾನೇಷುಮಾರಿಯಲ್ಲಿ 50 ಲಕ್ಷ 55 ಸಾವಿರವಿದ್ದ ಜನಸಂಖ್ಯೆಯು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಕೂಡಿಟ್ಟಿದ್ದ ಸುಮಾರು 63 ಲಕ್ಷ ರೂಪಾಯಿ ಕರಗಿ, 80 ಲಕ್ಷದ ಸಾಲವು ಮೈಮೇಲೆ ಬಂದಿತು. ಈ ಸ್ಥಿತಿಯಲ್ಲಿ 1881ನೆಯ ಮಾರ್ಚ್ 25ರಂದು ಸಂಸ್ಥಾನವು ಚಾಮರಾಜೇಂದ್ರ ಒಡೆಯರವರಿಗೆ ಮರಳಿ ಒಪ್ಪಿಸಲ್ಪಟ್ಟಿತು. ಅದರೊಡನೆಯೇ ಪೊಗದಿಯು 24½ ಲಕ್ಷದಿಂದ 35 ಲಕ್ಷಕ್ಕೆ ಏರಬೇಕೆಂಬ ಷರತ್ತೂ ಬಂದಿತು. ಸಂಸ್ಥಾನದ ಸಂಕಟವನ್ನು ಕಂಡು ಈ ಏರಿಕೆಯನ್ನು 1896ರವರೆಗೆ ಮುಂದೂಡಲಾಯಿತು. ಆಗಿನ ಒಟ್ಟು ಹುಟ್ಟುವಳಿಯು ಸುಮಾರು ಒಂದು ಕೋಟಿ. ಹಳೆಯ ದರದಲ್ಲಿಯೂ ನಾಲ್ಕರಲ್ಲೊಂದು ಪಾಲು ಪೊಗದಿಗೇ ಹೋಗುತ್ತಿದ್ದಿತೆಂದಾಯಿತು.

ದಿವಾನ್ ರಂಗಾಚಾರ್ಲುರವರು ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ನೀತಿಯನ್ನು ಹಿಡಿದರು. ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನು ರದ್ದುಮಾಡಿ, ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು. ದೂರದ ಕಚೇರಿಗೆ ನಡೆಯಬೇಕಾದ ಕಷ್ಟವು ಜನರಿಗೆ ಬಿದ್ದಿತು. ಕೆಲವು ವರ್ಷಗಳಲ್ಲಿ ಆ ಜಿಲ್ಲೆಗಳನ್ನು ಮತ್ತೆ ಸ್ಥಾಪಿಸಬೇಕಾಯಿತು. ಆದರೆ ಅವರು ಮಾಡಿದ ಇನ್ನೊಂದು ಕಾರ್ಯವು ಇದಕ್ಕಿಂತ ಬಹು ದೊಡ್ಡದು. 1881ನೆಯ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, ಮೈಸೂರಿನಲ್ಲಿ ನೆರೆದ 144 ಮಂದಿಯ ಪ್ರಜಾಪ್ರತಿನಿಧಿ ಸಭೆಯ ಮುಂದೆ ಸಂಸ್ಥಾನದ ಆಡಳಿತದ ಸ್ಥಿತಿಗತಿಗಳನ್ನು ಅವರು ವಿವರಿಸಿದರು. ಸಭಾಸದರಿಗೆ ಆಗ ಮತದ ಅಧಿಕಾರವಿರಲಿಲ್ಲ. ಕೇಳುವ, ಹೇಳಿಕೊಳ್ಳುವ ಅಧಿಕಾರ ಮಾತ್ರವಿದ್ದಿತು. ಆದರೂ ಹುಜೂರಿನ ಕಡತದೊಳಗಿದ್ದ ಲೆಕ್ಕವು ರೈತನ ಕಿವಿಗೆ ಬಿದ್ದುದು ಅಂದೇ.

1883ರಿಂದ 1901ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಕೋಲಾರದ ಚಿನ್ನದ ರಾಜಧನವು ಬೊಕ್ಕಸಕ್ಕೆ ಆಧಾರವಾಯಿತು. 1902ರಿಂದ ಶಿವನಸಮುದ್ರದ ವಿದ್ಯುಚ್ಛಕ್ತಿಯು ಆ ಗಣಿಗಳಿಗೇ ಹರಿದು ಮತ್ತೊಂದು ಆಯವನ್ನು ತಂದಿತು. ಮಳೆಯನ್ನೊಂದನ್ನೇ ನಂಬಿದ್ದ ಸಂಸ್ಥಾನಕ್ಕೆ ಹೀಗೆ ಬೇರೆ ಆಸರೆಗಳು ದೊರೆತವು. ಆದರೆ ನೆಲದೊಳಗಿನ ಚಿನ್ನವು ಅಕ್ಷಯಪಾತ್ರೆಯಲ್ಲ; 2001ರಲ್ಲಿ ಆ ಗಣಿಗಳು ಮುಚ್ಚಿಹೋದುವು.

1923ರ ಸುಧಾರಣೆಗಳಿಂದ ಹೊಸ ತೆರಿಗೆಗಳ ವಿಷಯದಲ್ಲಿ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳಬೇಕೆಂದೂ, ಆಯವ್ಯಯದ ಬೇಡಿಕೆಗಳ ಮೇಲೆ ನ್ಯಾಯವಿಧಾಯಕ ಸಭೆಯು ಮತ ಕೊಡಬಹುದೆಂದೂ ಏರ್ಪಟ್ಟಿತು. 1927ರಲ್ಲಿ ವೈಸರಾಯ್ ಇರ್ವಿನ್ ಪ್ರಭುಗಳು ಪೊಗದಿಯಲ್ಲಿ 10½ ಲಕ್ಷವನ್ನು ಬಿಟ್ಟುಕೊಡುವುದಾಗಿ ಸಾರಿದರು. 1799ರ ಮೊತ್ತಕ್ಕೆ ಮರಳಿ ಬರಲು ಇಷ್ಟು ಕಾಲ ಹಿಡಿಯಿತು!

ಸಂಸ್ಥಾನವು ಈಗ ಇಲ್ಲ, ಪೊಗದಿಯೂ ಇಲ್ಲ. 1993ರ ಕಾಯಿದೆಯಂತೆ ನಡೆಯುವ ಇಂದಿನ ಜಿಲ್ಲಾ ಪಂಚಾಯಿತಿಗಳು ಬಹುಪಾಲು ರಾಜ್ಯ, ಕೇಂದ್ರ ಸರ್ಕಾರಗಳ ಅನುದಾನದಿಂದಲೇ ತಮ್ಮ ಖರ್ಚನ್ನು ತೂಗಿಸಬೇಕಾಗಿದೆ. ಆದರೆ ಪ್ರಶ್ನೆಯು ಹಳೆಯದೇ. ಆಯವ್ಯಯಗಳು ಸರಿದೂಗಿದುವೆಂದು ಕೇಳಿದೊಡನೆ ಸಂತೋಷಪಡುವುದಕ್ಕೆ ಮುಂಚೆ, ಕೊರತೆಯನ್ನು ತುಂಬಿದವರು ಯಾರು, ಅವರನ್ನು ಕೇಳಿ ತುಂಬಿಸಿಕೊಂಡರೇ ಎಂದು ನಾವು ವಿಚಾರಿಸಬೇಕು. ನಜರ್‌ಬಾದಿನ ಬೀದಿಗಳಲ್ಲಿ ನಡೆಯುವವರು, ಇಲ್ಲಿಂದ ಹಿಂದಿರುಗಿದ ಕಲ್ಲುಗಳನ್ನು ಒಮ್ಮೆ ನೆನೆದರೆ, ಈ ವಿಚಾರವು ತಾನಾಗಿಯೇ ಮನಸ್ಸಿಗೆ ಬರುವುದು.